ಹದಿನೆಂಟು ತಂಬಿಗೆ

ನಮ್ಮ ಬಚ್ಚಲಲ್ಲಿ ಗೀಸರ್ ಇದೆ. ಅದು ಇರುವುದು ಬೀಗರಿಗೆ ತೋರಿಸಲಿಕ್ಕೆ ಎಂದು ನನ್ನ ಗಂಡ ಮಂದಿಯ ಮುಂದೆ ಹೇಳುತ್ತಾರೆ. ಅದು ಸುಳ್ಳು. ಬೀಗರು ಬಂದಾಗ ನಾನು ಅದನ್ನು ಹಚ್ಚುತ್ತೇನೆ ಕೂಡ. ಅವರು ಹೋದ ಮೇಲೆ ಬಂದ್ ಮಾಡಿ, ಯಾರೂ ಮರೆತು ಒತ್ತಬಾರದೆಂದು ಸ್ವಿಚ್ಚಿನ ಮೇಲೆ ಟೇಪು ಅಂಟಿಸುತ್ತೇನೆ.

ನಾನು ಜುಗ್ಗಿಯಲ್ಲ. ಹೋಳಿಗೆಗೆ ತುಪ್ಪ ಹಾಕುವಾಗ ನನ್ನ ಕೈ ನಡುಗಿದ್ದನ್ನು ಯಾರೂ ನೋಡಿಲ್ಲ. ನನ್ನ ಜೀವ ಹೋಗುವುದು ಬೆಂಕಿ ಸುಮ್ಮನೆ ಉರಿಯುವುದನ್ನು ಕಂಡಾಗ. ಬೇಳೆಯನ್ನು ನೆನೆಹಾಕದೆ ಒಲೆಗೆ ಇಡುವುದಿಲ್ಲ. ಕುಕ್ಕರ್ ಎರಡನೇ ಸೀಟಿ ಹೊಡೆದ ಕೂಡಲೇ ಗ್ಯಾಸ್ ಆರಿಸುತ್ತೇನೆ, ಉಳಿದದ್ದು ಒಳಗಿನ ಹಬೆಯಲ್ಲೇ ಬೇಯುತ್ತದೆ. ರೊಟ್ಟಿ ಮುಗಿದ ಹಂಚಿನ ಕಾವಿನಲ್ಲಿ ಶೇಂಗಾ ಹುರಿಯುತ್ತೇನೆ. ಒಂದು ಸಿಲಿಂಡರ್ ನಮ್ಮ ಮನೆಗೆ ಬಂದರೆ ಮೂರು ತಿಂಗಳು ಹೊರಗೆ ಕಾಲಿಡುವುದಿಲ್ಲ. ಈ ವಿಷಯದಲ್ಲಿ ನನಗೆ ಜಂಬ ಇತ್ತು, ಇಲ್ಲ ಎನ್ನುವುದಿಲ್ಲ.

ಇದನ್ನೆಲ್ಲ ಕಲಿತದ್ದು ತವರಿನಲ್ಲಿ, ಬ್ಯಾಡಗಿಯಲ್ಲಿ. ಅವ್ವ ಮೆಣಸಿನಕಾಯಿ ತೊಟ್ಟು ಮುರಿಯುವ ಕೂಲಿಗೆ ಹೋಗುತ್ತಿದ್ದಳು. ನಾವು ಏಳು ಮಂದಿ, ಮನೆಯಲ್ಲಿ ಒಂದೇ ಹಂಡೆ. ಎಲ್ಲರೂ ಸಾಲಾಗಿ ಬಚ್ಚಲಿಗೆ ಹೋಗಬೇಕು, ಅವ್ವ ತಂಬಿಗೆಯಿಂದ ಎಣಿಸಿ ನೀರು ಹಾಕಬೇಕು. ಕಾಳಿನ ರಾಶಿ ಅಳೆಯುವವರು ಮೊದಲ ಅಳತೆಗೆ ಒಂದು ಎನ್ನುವುದಿಲ್ಲವಲ್ಲ, ಲಾಭ ಎನ್ನುತ್ತಾರೆ. ಅವ್ವ ಅದೇ ರೂಢಿಯನ್ನು ಬಚ್ಚಲಿಗೂ ತಂದಿದ್ದಳು. ಲಾಭ, ಎರಡ, ಮೂರ. ಸಣ್ಣವರಿಗೆ ಹತ್ತು, ದೊಡ್ಡವರಿಗೆ ಹದಿನೆಂಟು. ಗಟ್ಟಿಯಾಗಿ ಎಣಿಸುತ್ತಿದ್ದಳು, ಆಮೇಲೆ ನನಗೆ ಕಡಿಮೆ ಬಿತ್ತು ಎಂದು ಯಾರೂ ಜಗಳ ತೆಗೆಯಬಾರದೆಂದು.

ಮದುವೆಯಾಗಿ ರಾಣೇಬೆನ್ನೂರಿಗೆ ಬಂದೆ. ಗಂಡ ಬೀಜದ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಒಬ್ಬಳೇ ಮಗಳು. ಆಕೆ ಓದಿ ನೌಕರಿಗೆ ಸೇರಿ, ಮೊದಲ ವರ್ಷದ ಪಗಾರದಲ್ಲಿ ಹಾಕಿಸಿದ್ದೇ ಆ ಗೀಸರ್. ಆಮೇಲೆ ಹಾವೇರಿಗೆ ಮದುವೆ ಮಾಡಿ ಕೊಟ್ಟೆವು.

ಸರ್ಕಾರ ಕರೆಂಟು ಪುಕ್ಕಟೆ ಮಾಡಿದಾಗ ನನ್ನ ಜಂಬಕ್ಕೆ ಮೊದಲ ಪೆಟ್ಟು ಬಿತ್ತು. ಹಿಂದೆ ಎಷ್ಟು ಉರಿಸಿದ್ದರೋ ಅದರ ಸರಾಸರಿ ತೆಗೆದು, ಅದರ ಮೇಲೆ ಸ್ವಲ್ಪ ಸೇರಿಸಿ ಅಷ್ಟು ಪುಕ್ಕಟೆ, ದಾಟಿದ್ದಕ್ಕೆ ಬಿಲ್ಲು ಎಂದರು. ಹಗಲಲ್ಲೂ ಅಂಗಳದ ದೀಪ ಆರಿಸದ ಎದುರು ಮನೆಯವರಿಗೆ ಕೊಡಗಟ್ಟಲೆ ಸಿಕ್ಕಿತು. ಜೀವಮಾನವೆಲ್ಲ ಸ್ವಿಚ್ಚು ಆರಿಸುತ್ತ ಓಡಾಡಿದ ನನಗೆ ತಂಬಿಗೆಯಷ್ಟು. ಉಳಿಸಿದವರಿಗೆ ಇದೇ ಬಹುಮಾನವೇನ್ರೀ ಎಂದು ಮೀಟರ್ ನೋಡಲು ಬಂದವನ ಮೇಲೆ ಹರಿಹಾಯ್ದೆ. ಪಾಪ, ಅವನೇನು ಮಾಡುತ್ತಾನೆ, ಚೀಟಿ ಕೊಟ್ಟು ಹೋದ. ಅಂದಿನಿಂದ ಆ ಸರಾಸರಿ ದಾಟುವುದಿಲ್ಲ ಎಂದು ನಾನು ಹಟ ಹಿಡಿದೆ. ಯಾರ ಮೇಲಿನ ಹಟ ಎಂದು ಕೇಳಿದರೆ ಈಗಲೂ ಹೇಳಲಾರೆ.

ಮರುವರ್ಷದ ಚಳಿಗಾಲದಲ್ಲಿ ಮಗಳು ಚೊಚ್ಚಲ ಹೆರಿಗೆಗೆ ಬಂದಳು. ಹೆಣ್ಣುಕೂಸು. ನಮ್ಮಲ್ಲಿ ಮೊದಲ ಬಾಣಂತನ ತಾಯಿಯದು, ಅದು ಒಂದೇ ಸಲ ಸಿಗುವುದು. ಎರಡನೆಯದು ಗಂಡನ ಮನೆಗೆ ಸೇರಿದ್ದು. ಮೂರು ತಿಂಗಳು ಮಗಳೂ ಮೊಮ್ಮಗಳೂ ನನ್ನ ಕೈಯಲ್ಲಿರುತ್ತಾರೆ ಎಂದು ನಾನು ಆ ವರ್ಷವೆಲ್ಲ ದಿನ ಎಣಿಸಿದ್ದೆ. ಬೇರೆ ಏನೂ ಬೇಕಾಗಿರಲಿಲ್ಲ ನನಗೆ, ಆ ಮೂರು ತಿಂಗಳು ಪೂರಾ ಆಗಬೇಕಿತ್ತು.

ಬಾಣಂತಿಗೆ ಎರೆಯಲು ಹಿಂದಿನ ಓಣಿಯ ಬೂವಾ ಬಂದರು. ಎಪ್ಪತ್ತರ ಮೇಲಿನ ಸಾಬರ ಹೆಣ್ಣುಮಗಳು. ನಮ್ಮ ಕಡೆಯ ಅರ್ಧ ಕೂಸುಗಳು ಅವರ ಕಾಲ ಮೇಲೆ ಮಲಗಿಯೇ ಮೊದಲ ನೀರು ಕಂಡಿವೆ. ಬಂದವರೇ ಗೀಸರ್ ಕಡೆ ನೋಡಿ ಮೂಗು ಮುರಿದರು. "ಆ ಡಬ್ಬಿ ನೀರು ಮೈಗೆ ಹತ್ತೂದಿಲ್ಲ ಬೇಟಿ. ಹಂಡೆ ಹೂಡು," ಅಂದರು. ನನಗೂ ಅದೇ ಬೇಕಾಗಿತ್ತು. ನಮ್ಮ ಬಚ್ಚಲ ಒಲೆಯ ಬಾಯಿ ಹಿತ್ತಲಿಗಿದೆ. ಹೊರಗೆ ಕುಳಿತು ಉರಿ ಹಾಕಬೇಕು, ಒಳಗೆ ನೀರು ಕಾಯುತ್ತದೆ. ಕಾಳು ಬಿಡಿಸಿದ ಗೋವಿನಜೋಳದ ಬೆಂಡು ಎಂಟು ಚೀಲ ತರಿಸಿಟ್ಟಿದ್ದೆ. ಬೆಂಡು ಬೇಗ ಹತ್ತುತ್ತದೆ, ಚಲೋ ಉರಿಯುತ್ತದೆ, ಹೊಗೆ ಕಡಿಮೆ. ಮೂರು ತಿಂಗಳಿಗೆ ಧಾರಾಳ ಸಾಕು ಎಂದು ನನ್ನ ಲೆಕ್ಕ.

ಬೂವಾ ಹನ್ನೆರಡು ದಿನದಲ್ಲಿ ನಾಲ್ಕು ಚೀಲ ಕರಗಿಸಿದರು. ಹಂಡೆ ಬರಿದಾಗುವವರೆಗೆ ಅವರು ಮೇಲೇಳುವುದಿಲ್ಲ. ಸೊಂಟಕ್ಕೆ ಬೇರೆ, ಬೆನ್ನಿಗೆ ಬೇರೆ, ಹೊಟ್ಟೆಗೆ ಬೇರೆ. ನೀರು ಬೀಸಿ ಬೀಸಿ ಹೊಡೆಯುವರು. ನಡುವೆ ನನ್ನನ್ನು ಕೂಗುವರು, "ಉರಿ ಹಾಕ್, ಇನ್ನೊಂದ್ ಹಂಡೆ ಆಗಲಿ!" ಮಗಳು ಬಚ್ಚಲಿಂದ ಕೆಂಪಗಾಗಿ, ಕಾಲು ಎಳೆಯುತ್ತ ಬಂದು ಹೊರಸಿನ ಮೇಲೆ ಬಿದ್ದರೆ ಮಧ್ಯಾಹ್ನದವರೆಗೆ ಸತ್ತ ನಿದ್ದೆ. ನಾನು ಮಾತ್ರ ಹಿತ್ತಲಲ್ಲಿ ಕುಗ್ಗುತ್ತಿದ್ದ ಚೀಲಗಳನ್ನು ನೋಡುತ್ತಿದ್ದೆ.

ಹದಿಮೂರನೇ ದಿನ ಕೂಸನ್ನು ತೊಟ್ಟಿಲಿಗೆ ಹಾಕಿದೆವು. ಬೂವಾಗೆ ಸೀರೆ, ಖಣ ಕೊಟ್ಟು, "ನಾಳಿಂದ ನಾನ ಎರೀತೇನ್ರಿ ಬೂವಾ. ನೀವು ಎಷ್ಟಂತ ದಣೀತೀರಿ," ಅಂದೆ. ಅವರು ನನ್ನನ್ನು ನೋಡಿದರು, ಹಿತ್ತಲ ಕಡೆಗೂ ಒಮ್ಮೆ ನೋಡಿದರು.

"ನಾ ದಣಿಯೂದಕ್ಕ ಅಂಜಿದಿ, ಏನ್ ನೀರಿಗೆ ಅಂಜಿದಿ ಬೇಟಿ?"

ನಾನು ನಕ್ಕೆ. ಅವರು ನಗಲಿಲ್ಲ. ಸೀರೆ ತೆಗೆದುಕೊಂಡು ಹೋದರು.

ಹೀಗೆ ಎರೆಯುವ ಕೆಲಸ ನನ್ನ ಕೈಗೆ ಬಂತು. ಒಂದೇ ಹಂಡೆಯಲ್ಲಿ ತಾಯಿ, ಕೂಸು ಇಬ್ಬರದೂ ಮುಗಿದು, ಬಟ್ಟೆ ನೆನೆಹಾಕಲಿಕ್ಕೂ ಒಂದು ಬಕೆಟ್ ಬಿಸಿನೀರು ಉಳಿಯತೊಡಗಿತು. ನನಗೆ ಭಾಳ ಸಮಾಧಾನ. ಹಗಲು ನಿದ್ದೆ ಕಡಿಮೆಯಾಯಿತು ಮಗಳಿಗೆ. ಕೂಸು ಬೆಳೆಯುತ್ತಿದೆಯಲ್ಲ, ಅದಕ್ಕೇ ಎಂದುಕೊಂಡೆ.

ತೊಟ್ಟಿಲಿಗೆ ಬ್ಯಾಡಗಿಯಿಂದ ನನ್ನ ತಮ್ಮ ಬಂದಿದ್ದ. ಪೇಟೆಯಲ್ಲಿ ಮೆಣಸಿನಕಾಯಿ ತೊಟ್ಟು ರಾಶಿಗಟ್ಟಲೆ ಬಿದ್ದಿರುತ್ತದೆ, ಕೇಳುವವರಿಲ್ಲ ಎಂದು ಮಾತಿಗೆ ಅಂದ. ನನ್ನ ಕಿವಿ ನೆಟ್ಟಗಾಯಿತು. ನಮ್ಮವ್ವ ಅದನ್ನೇ ಅಲ್ಲವೇ ಹಂಡೆಗೆ ಉರಿಸುತ್ತಿದ್ದುದು? ಎರಡು ಚೀಲ ಕಳಿಸು ಅಂದೆ. ವಾರದಲ್ಲಿ ಟೆಂಪೋದವನ ಕೈಯಲ್ಲಿ ಬಂದವು. ಫೋನಿನಲ್ಲಿ ತಮ್ಮ ಹೇಳಿದ್ದ, "ಅಕ್ಕಾ, ಜರಡಿ ಹಿಡಿದು ಉರಸು. ಬೀಜ, ಚೂರು ಇರ್ತಾವ ಅದರಾಗ." ಅವ್ವನೂ ಜರಡಿ ಹಿಡಿಯುತ್ತಿದ್ದಳು, ನನಗೆ ನೆನಪಿದೆ. ಆದರೆ ನಾನು ಚೀಲದ ಬಾಯಿ ಬಿಚ್ಚಿ ಮೂಸಿದೆ. ಘಾಟು ಏನೂ ಅನ್ನಿಸಲಿಲ್ಲ. ಹಾಗೇ ಒಲೆಗೆ ಹಾಕಿದೆ, ಹೊಗೆ ಹಿತ್ತಲಿನ ಗಾಳಿಗೆ ಹೋಯಿತು.

ಬ್ಯಾಡಗಿಯಲ್ಲಿ ಹುಟ್ಟಿದವರ ಮೂಗನ್ನು ಮೆಣಸಿನಕಾಯಿಯ ವಿಷಯದಲ್ಲಿ ನಂಬಬಾರದು. ಸುಗ್ಗಿಯಲ್ಲಿ ಪರವೂರಿನವರು ಬಸ್ಸಿಳಿದ ಕೂಡಲೇ ಸೀನುತ್ತಾರೆ. ನಾವು ಅದೇ ಗಾಳಿಯಲ್ಲಿ ಉಂಡು ಮಲಗಿದವರು. ಇದು ಗೊತ್ತಿದ್ದೂ ನಾನು ನನ್ನ ಮೂಗನ್ನೇ ಸಾಕ್ಷಿ ಮಾಡಿಕೊಂಡೆ.

ಆ ದಿನ ಎರೆದಾದ ಮೇಲೆ ಮಗಳನ್ನು ಹೊರಸಿನ ಮೇಲೆ ಮಲಗಿಸಿ, ಪಕ್ಕದಲ್ಲಿ ಕೂಸನ್ನು ಹಾಕಿದೆ. ಬಾಣಂತಿಯ ಮೈ ಕಾಸಲು ಹೊರಸಿನ ಕೆಳಗೆ ಕೆಂಡ ಇಡುವ ರೂಢಿ. ಇದ್ದಿಲು ಸುಮ್ಮನೆ ಯಾಕೆ ಬೇಕು, ಹಂಡೆಯ ಒಲೆಯಲ್ಲೇ ಕೆಂಡ ಇದೆಯಲ್ಲ ಎಂದು ಕಬ್ಬಿಣದ ಬುಟ್ಟಿ ತುಂಬ ಮೊಗೆದು ತಂದು ಕೆಳಗೆ ತಳ್ಳಿದೆ. ಅರ್ಧ ಸುಟ್ಟ ತೊಟ್ಟು, ಕರಿಯಾದ ಬೀಜ ಎಲ್ಲ ಅದರಲ್ಲೇ ಇತ್ತು. ಗಾಳಿ ಬೀಳಬಾರದೆಂದು ಕಿಟಕಿ ಮುಚ್ಚಿದೆ. ಅಂಟಿನುಂಡಿ ತರಲು ಅಡುಗೆಮನೆಗೆ ಹೋದೆ.

ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ ಮಗಳು ಕೆಮ್ಮಿದ್ದು ಕೇಳಿಸಿತು. ಆಮೇಲೆ ಏನೋ ಬಿದ್ದ ಸಪ್ಪಳ. ಓಡಿ ಬಂದರೆ ಹೊರಸು ಖಾಲಿ. ಮಗಳು ತೊಯ್ದ ತಲೆಯಲ್ಲೇ, ಕಿವಿಗೆ ಬಟ್ಟೆ ಇಲ್ಲದೆ, ಆ ಚಳಿಗಾಳಿಯಲ್ಲಿ ಅಂಗಳದ ನಡುವೆ ನಿಂತಿದ್ದಳು. ಎದೆಗೆ ಒತ್ತಿಕೊಂಡ ಕೂಸು ಕೆಂಪಡರಿ, ಉಸಿರು ಎಳೆದುಕೊಳ್ಳಲಾರದೆ ಬಾಯಿ ತೆರೆದಿತ್ತು. ಅಳುವ ಧ್ವನಿಯೂ ಬರುತ್ತಿರಲಿಲ್ಲ. ನನ್ನ ಗಂಡ ಗೋಡೆ ಹಿಡಿದು ಕೆಮ್ಮುತ್ತಿದ್ದರು. ಎದುರು ಮನೆಯವರು ಸೀನುತ್ತ ಹೊರಗೆ ಬಂದರು. ನಾನೊಬ್ಬಳೇ ನೆಟ್ಟಗೆ ನಿಂತು, "ಏನಾತ? ಏನಾತ?" ಎಂದು ಕೇಳುತ್ತಿದ್ದೆ. ನನಗೆ ಗಂಟಲಲ್ಲಿ ಒಂಚೂರು ಕೆರೆದಂತಾಗಿತ್ತು, ಅಷ್ಟೇ.

ಕೂಸು ಅತ್ತಿತು. ಆ ಅಳು ಕೇಳಿದ ಮೇಲೆ ನಾನು ಕಟ್ಟೆಯ ಮೇಲೆ ಕುಳಿತೆ. ದವಾಖಾನೆಗೆ ಒಯ್ದೆವು, ಡಾಕ್ಟರು ಕೂಸಿನ ಎದೆ ನೋಡಿ ಭಯವಿಲ್ಲ ಅಂದರು. ಕೂಸಿರುವ ಕೋಣೆಗೆ ಇನ್ನು ಕೆಂಡ, ಹೊಗೆ ಯಾವುದೂ ಸುಳಿಯಬಾರದು ಎಂದು ನನ್ನ ಮುಖ ನೋಡಿ ಹೇಳಿದರು. ನಾನು ತಲೆ ಎತ್ತಲಿಲ್ಲ. ಆ ಕೂಸಿಗೆ ಏನಾದರೂ ಆಗಿದ್ದರೆ ನಾನು ಬದುಕುತ್ತಿರಲಿಲ್ಲ ಎಂದು ಈಗ ಬರೆಯುವುದು ಸುಲಭ. ಆಗ ಅಷ್ಟನ್ನೂ ಯೋಚಿಸುವ ಶಕ್ತಿ ಇರಲಿಲ್ಲ.

ಸಂಜೆಯೊಳಗೆ ಅಳಿಯ ಹಾವೇರಿಯಿಂದ ಬಂದ. ಒಳ್ಳೆಯ ಮನುಷ್ಯ, ಒಂದು ಮಾತು ಬಿರುಸಾಗಿ ಆಡಲಿಲ್ಲ. "ಅತ್ತೀರಿ, ನಮ್ಮ ಮಾಳಿಗಿ ಮ್ಯಾಲೆ ಸೋಲಾರ್ ಐತ್ರಿ. ನಲ್ಲಿ ತಿರುವಿದ್ರ ಬಿಸಿನೀರು. ನಮ್ಮವ್ವನೂ ಅದಾಳ. ನೀವೂ ಒಬ್ರ ಎಷ್ಟ ಮಾಡ್ತೀರಿ," ಅಂದ. ನಾನು ಬೂವಾಗೆ ಹೇಳಿದ ಮಾತೇ ತಿರುಗಿ ನನಗೆ ಬಂದಿತ್ತು. ಮಗಳ ಕಡೆ ನೋಡಿದೆ. ಆಕೆ, "ಹೋಗೂಣು," ಅಂದಳು.

ನನ್ನ ಗಂಡ ಅಮಾವಾಸ್ಯೆಯ ನೆಪ ತೆಗೆದರು. ಎಳೆಕೂಸನ್ನು ಅಮಾವಾಸ್ಯೆಯ ಮುಂದೆ ಸೀಮೆ ದಾಟಿಸಬಾರದು, ಕಳೆದ ಮೇಲೆ ಸೋಮವಾರ ಕಳಿಸುತ್ತೇವೆ ಅಂದರು. ಅಳಿಯ ಒಪ್ಪಿ ಹೋದ. ಸೋಮವಾರಕ್ಕೆ ಐದು ದಿನ ಇತ್ತು. ಮೂರು ತಿಂಗಳಲ್ಲಿ ಒಂದು ತಿಂಗಳೂ ಆಗಿರಲಿಲ್ಲ.

ತೊಟ್ಟಿನ ಚೀಲಗಳನ್ನು ನಾನೇ ಹೊತ್ತು ತಿಪ್ಪೆಗೆ ಚೆಲ್ಲಿ ಬಂದೆ. ಮಗಳ ಪಕ್ಕ ಕುಳಿತೆ. ಕ್ಷಮೆ ಕೇಳುವ ಮಾತು ನಮ್ಮ ಮನೆತನದಲ್ಲಿ ಯಾರಿಗೂ ಬರುವುದಿಲ್ಲ, ಬಂದಷ್ಟು ಹೇಳಿದೆ.

"ತಪ್ಪಾತವಾ. ಇನ್ನ ಆ ಹೊಗಿ ಈ ಮನ್ಯಾಗ ಬರೂದಿಲ್ಲ. ಅದಕ್ಕಂತ ಹೋಗಬ್ಯಾಡ."

"ಹೊಗಿ ಸಲುವಾಗಿ ಹೊಂಟಿಲ್ಲವ್ವಾ ನಾ," ಅಂದಳು ಮಗಳು. ಕೂಸಿಗೆ ಹಾಲೂಡುತ್ತಿದ್ದಳು, ನನ್ನ ಕಡೆ ನೋಡಲಿಲ್ಲ. "ನೀ ಎಣಸ್ತಿ."

"ಏನ ಎಣಸ್ತೇನಿ?"

"ತಂಬಿಗಿ. ನನಗ ಎರೀವಾಗ. ಹದಿನೆಂಟಕ್ಕ ನಿಂದರ್ತೀ. ಬೆನ್ನಾಗಿನ ನೋವು ಆಗ ಸಡಲಾಕ ಹತ್ತಿರತೈತಿ, ನೀ ತಂಬಿಗಿ ಬೋರಲ ಹಾಕ್ತಿ. ಸಣ್ಣಾಕಿದ್ದಾಗಿಂದ ಕೇಳೇನಿ, ಇರಲಿ. ಈಗ ಈಕಿಗೂ ಎಣಸ್ತಿ. ಇಷ್ಟ್ ಕೂಸಿನ ಮೈಮ್ಯಾಲೆ ನೀರು ಬಿಟ್ಟು ಲಾಭ ಅಂತಿ."

ನಾನು ಇಲ್ಲವೇ ಇಲ್ಲ ಅಂದೆ. ದೇವರಾಣೆಗೂ ನನಗೆ ಗೊತ್ತಿರಲಿಲ್ಲ. ಹೊರಗೆ ಬಂದು ಗಂಡನನ್ನು ಕೇಳಿದೆ, "ನಾ ಎಣಸ್ತೇನೇನ್ರಿ?"

ಅವರು ಪೇಪರ್ ಇಳಿಸಿದರು. "ಎಣಸ್ತಿ. ಮದುವ್ಯಾದ ಹೊಸತ್ರಾಗ ನನಗೂ ಎಣಿಸೀದಿ."

"ಮತ್ತ ಹೇಳಬಾರದೇನ್ರಿ ಇಷ್ಟು ವರ್ಷ!"

"ನನಗ ಹದಿನೆಂಟು ಸಾಕಾಗತಿದ್ದವು," ಅಂದರು.

ಸಿಟ್ಟು ಬಂತು, ನಗುವೂ ಬಂತು, ಆಮೇಲೆ ಭಾಳ ನಾಚಿಕೆಯಾಯಿತು. ಅವ್ವ ಏಳು ಮಂದಿಗೆ ಒಂದು ಹಂಡೆ ಹಂಚಬೇಕಾಗಿತ್ತು, ಆಕೆ ಎಣಿಸಿದಳು. ನನ್ನ ಹಂಡೆಯ ಮುಂದೆ ಯಾರೂ ಸಾಲು ನಿಂತಿರಲಿಲ್ಲ.

ಮರುದಿನ ಬಾಯಿ ಬಿಗಿದುಕೊಂಡು ಎರೆದೆ. ತುಟಿ ಅಲ್ಲಾಡಲಿಲ್ಲ, ಅದು ಖರೆ. ಆದರೆ ಎಷ್ಟೋ ಆದ ಮೇಲೆ ನನ್ನ ಕೈ ತಾನೇ ತಂಬಿಗೆಯನ್ನು ಬೋರಲು ಹಾಕಿತು. ಎಷ್ಟಾಗಿತ್ತು ಎಂದು ನಾನೂ ಬಲ್ಲೆ, ಆಕೆಯೂ ಬಲ್ಲಳು. ಮಗಳು ನನ್ನನ್ನು ಒಮ್ಮೆ ನೋಡಿ ಸುಮ್ಮನೆ ಟಾವೆಲ್ ಎಳೆದುಕೊಂಡಳು. ಬೈದಿದ್ದರೆ ವಾಸಿ ಇತ್ತು.

ಅವತ್ತೇ ಬೂವಾ ಮನೆಗೆ ಹೋದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ನನ್ನದು ನಾಲ್ಕು ಚೀಲ ಬೆಂಡಿಗೆ ಹೋಗಿತ್ತು. ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟರು.

"ಬರ್ತೀನಿ. ಹಂಡೆ ನಂದು, ಉರಿ ನಿಂದು. ಬಚ್ಚಲದೊಳಗ ನೀ ಕಾಲಿಡಬಾರದು. ಒಪ್ಪೀಯೇನು?"

ಒಪ್ಪಿದೆ.

ಗಂಡ ಮೋಟೆಬೆನ್ನೂರಿಗೆ ಹೋಗಿ ಪರಿಚಯದವರ ಹೊಲದಿಂದ ಒಂದು ಟೆಂಪೋ ಬೆಂಡು ಹೇರಿಸಿಕೊಂಡು ಬಂದರು. ಉಳಿದ ನಾಲ್ಕು ದಿನಕ್ಕೆ ಅದು ಭಾಳ ಹೆಚ್ಚಾಗಿತ್ತು, ಆದರೂ ಇಬ್ಬರೂ ಕೂಡಿ ಹಿತ್ತಲಲ್ಲಿ ಒಟ್ಟಿದೆವು.

ಮಾರನೇ ಬೆಳಿಗ್ಗೆ ಬೂವಾ ಒಳಗೆ, ನಾನು ಹಿತ್ತಲಲ್ಲಿ ಒಲೆಯ ಮುಂದೆ. ನಡುವೆ ಗೋಡೆ. ಆದರೆ ನೀರು ಬೀಳುವ ಸಪ್ಪಳಕ್ಕೆ ಗೋಡೆ ಇಲ್ಲವಲ್ಲ. ಬೂವಾ ಮೊದಲ ತಂಬಿಗೆ ಬೀಸಿದ್ದೇ ತಡ, ನನ್ನೊಳಗೆ ಎಣಿಕೆ ಶುರುವಾಯಿತು. ಬೆಂಡು ಮುರಿದು ಸಪ್ಪಳ ಮಾಡಿದೆ, ಕೊಡ ಎತ್ತಿ ಕುಕ್ಕಿದೆ, ನಿಲ್ಲಲಿಲ್ಲ. ಎರಡನೇ ದಿನ ಗಂಡನನ್ನು ಕರೆದು ಪಕ್ಕದಲ್ಲಿ ಕೂರಿಸಿ, ಏನಾದರೂ ಮಾತಾಡ್ರಿ ಅಂದೆ. ಅವರಿಗೆ ಮಾತಾಡಲು ಬರುವುದಿಲ್ಲ. ಬಹಳ ಹೊತ್ತು ಯೋಚಿಸಿ, ಯಾವ ಹತ್ತಿ ಬೀಜ ಎಷ್ಟು ದಿನಕ್ಕೆ ಮೊಳಕೆ ಬರುತ್ತದೆ, ಯಾವ ಕಂಪನಿಯವರು ಚೀಲದ ಬಣ್ಣ ಯಾವಾಗ ಬದಲಿಸಿದರು ಎಂದು ಶುರು ಮಾಡಿದರು. ಮೂವತ್ತು ವರ್ಷದ ಬೀಜದ ಅಂಗಡಿ ಅವರ ಹೊಟ್ಟೆಯಲ್ಲಿತ್ತು. ಅದನ್ನು ಕೇಳುತ್ತ ಕೇಳುತ್ತ ನನ್ನ ಎಣಿಕೆ ಎಲ್ಲೋ ಮೂವತ್ತರ ಹತ್ತಿರ ತಪ್ಪಿಹೋಯಿತು.

ಶನಿವಾರ ಮಗಳು ಎರೆದುಕೊಂಡು ಬಂದವಳು ಕೂಸಿನ ಪಕ್ಕ ಬಿದ್ದು, ಸಂಜೆ ದೀಪ ಹಚ್ಚುವ ಹೊತ್ತಿಗೆ ಎದ್ದಳು. ಆಕೆಯ ಬಟ್ಟೆಯ ಚೀಲ ಮಾತ್ರ ಕಟ್ಟಿ ಬಾಗಿಲ ಹತ್ತಿರವೇ ಇತ್ತು. ಅದರ ಮುಂದೆ ಹಾಯುವಾಗಲೆಲ್ಲ ನಾನು ಬೇರೆ ಕಡೆ ನೋಡುತ್ತಿದ್ದೆ. ಇರು ಎಂದು ಇನ್ನೊಮ್ಮೆ ಕೇಳಲು ಬಾಯಿಗೆ ಬರುತ್ತಿತ್ತು. ಕೇಳುವ ಹಕ್ಕು ಉಳಿದಿಲ್ಲ ಎಂದು ನುಂಗಿಕೊಂಡೆ.

ರವಿವಾರ ಕಡೆಯ ದಿನ. ಬೆಳಿಗ್ಗೆ ಭಾರಿ ಚಳಿ ಇತ್ತು. ನಾನು ಎರಡು ಸಲ ಹಂಡೆ ಕಾಯಿಸಿಕೊಟ್ಟಿದ್ದೆ. ಗಂಡನ ಮಾತು ಹತ್ತಿ ದಾಟಿ ಸೂರ್ಯಕಾಂತಿ ಬೀಜಕ್ಕೆ ಬಂದಿತ್ತು. ಒಳಗೆ ಬೂವಾ ಕೂಸಿನ ಮೈ ಒರೆಸುತ್ತ ಏನೋ ಗುನುಗುತ್ತಿದ್ದರು. ಆಗ ಮಗಳು ಅಂದದ್ದು ಗೋಡೆಯ ಈಚೆಗೆ ಸ್ಪಷ್ಟ ಕೇಳಿಸಿತು.

"ಬೂವಾ, ನಾಳೆ ಸ್ವಲ್ಪ ಲಗೂ ಬರ್ರಿ. ಈಕಿ ನಸುಕಿನ್ಯಾಗ ಏಳ್ತಾಳ."

"ಅರೆ, ನಾಳೆ ಹಾವೇರಿಗೆ ಹೊಂಟೀಯಲ್ಲ ನೀ?"

"ಅವರಿಗೆ ರಾತ್ರೀನ ಫೋನ್ ಮಾಡಿ ಬರಬ್ಯಾಡ ಅಂದೇನಿ. ಇನ್ನ ಎರಡ ತಿಂಗಳ ಐತಿ."

ನನ್ನ ಗಂಡ ಮಾತು ನಿಲ್ಲಿಸಿದರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಒಲೆಯ ಮುಂದೆಯೇ ಅತ್ತೆ. ಒಳಗೆ ಹೋಗಿ ಮಗಳನ್ನು ತಬ್ಬಿಕೊಳ್ಳಬೇಕು ಅನಿಸಿತು. ಬೂವಾಗೆ ಮಾತು ಕೊಟ್ಟಿದ್ದೆ, ಬಚ್ಚಲೊಳಗೆ ಕಾಲಿಡುವಂತಿರಲಿಲ್ಲ.

"ಅವ್ವಾ," ಎಂದು ಮಗಳು ಒಳಗಿನಿಂದ ಕೂಗಿದಳು, "ಹಂಡೇದಾಗಿನ ನೀರು ತೀರಿದ್ವು. ಸೊಂಟಕ್ಕ ಇನ್ನೊಂದಿಷ್ಟು ಬೇಕಾಗಿತ್ತು."

"ತಡಿಯವಾ, ಕಾಸಿ ಕೊಡತೇನಿ," ಅಂದೆ. ಕೊಡ ಎತ್ತಿಕೊಂಡು ನೀರಿಗೆ ಹೋದೆ.